ಬಲಗೈಗೆ ಒಗ್ಗಿದ ರೀಲು

ಪಾರ್ಶ್ವವಾಯು ಬಡಿದು ಅಪ್ಪನ ಎಡಗೈ ಬೆರಳುಗಳು ಸತ್ವ ಕಳೆದುಕೊಂಡಾಗ, ಅವರು ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಒಂದು ವರ್ಷವೂ ತುಂಬಿರಲಿಲ್ಲ. ಅಂಗಿಯ ಗುಂಡಿಯನ್ನು ಅಮ್ಮ ಹಾಕಬೇಕಾಗಿ ಬಂದದ್ದಕ್ಕೆ ಅವರು ಅಷ್ಟೇನೂ ಕೊರಗಲಿಲ್ಲ. ಕೊರಗಿದ್ದು ಮೀನಿಗಾಗಿ. ಚಿಕ್ಕಂದಿನಿಂದಲೂ ಬಾಟಲಿಗೆ ದಾರ ಸುತ್ತಿ ಗಾಳ ಹಾಕಿದವರು ಅವರು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದರಲ್ಲಿ ದಾರ. ಆ ವಿದ್ಯೆಗೆ ಎರಡೂ ಕೈ ಬೇಕು.

ನಾನು ಆಗ ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದೆ. ರೀಲು ಕಟ್ಟಿದ ಕೋಲಾದರೆ ಒಂದು ಕೈಯಲ್ಲೂ ನಿಭಾಯಿಸಬಹುದು ಎಂದು ಜೊತೆಯವರೊಬ್ಬರು ಹೇಳಿದರು. ರಜೆಯ ದಿನ ಅಪ್ಪನನ್ನು ಕಾಚಿಗೂಡದ ಮನೆಯಿಂದ ಆಟೋದಲ್ಲಿ ಕೂರಿಸಿಕೊಂಡು ಬೇಗಂಬಜಾರಿನ ಗಲ್ಲಿಯೊಂದರಲ್ಲಿದ್ದ ಬಲೆ-ಗಾಳದ ಅಂಗಡಿಗೆ ಹೋದೆ.

ಗಾಜಿನ ಕಪಾಟಿನಲ್ಲಿ ಬಂಗಾರದ ಬಣ್ಣದ ರೀಲೊಂದು ಹೊಳೆಯುತ್ತಿತ್ತು. ನಾನು ಹಿಂದಿಯಲ್ಲಿ ಅದನ್ನೇ ಕೇಳಿದೆ. ಅಪ್ಪನೂ ನಾನೂ ಆಡಿಕೊಂಡ ಕನ್ನಡ ಕಿವಿಗೆ ಬಿದ್ದ ಅಂಗಡಿಯ ಮುದುಕರು ಕನ್ನಡದಲ್ಲೇ ಉತ್ತರ ಕೊಟ್ಟರು.

"ನಾ ಬೀದರ್ ಕಡೆಯಾಂವರೀ. ಹೊಳಪ ನೋಡಬ್ಯಾಡ್ರಿ ಅಮ್ಮಾ. ಕಣ್ಣ ಮುಚ್ಚಿ ತಿರುವ್ರಿ."

ತಿರುವಿದೆ. ಒಳಗೆ ಮರಳು ಅರೆದಂತಾಯಿತು, ಹಿಡಿ ಅಲುಗಾಡಿತು. ಆಮೇಲೆ ಅವರು ಕೈಗಿಟ್ಟದ್ದು ಒಂದು ಸಣ್ಣ ಕಪ್ಪು ರೀಲು, ಬೆಲೆ ಅರ್ಧಕ್ಕಿಂತ ಕಡಿಮೆ. ತಿರುವಿದರೆ ತಿರುಗುತ್ತಿದೆ ಎಂಬುದೇ ತಿಳಿಯಲಿಲ್ಲ.

"ಒಳಗ ಬೇರಿಂಗ್ ಎಷ್ಟದಾವು ಅಂತ ಎಲ್ಲಾರೂ ಕೇಳ್ತಾರ್ರೀ. ಹಿಡಿ ಅಳ್ಳಾಡತೈತೇನು ಅಂತ ಯಾರೂ ಕೇಳಂಗಿಲ್ಲ."

"ಹಿಡಿ ಎಡಕ್ಕೈತಲ್ರೀ," ಅಪ್ಪ ಸಣ್ಣ ದನಿಯಲ್ಲಿ ಹೇಳಿದರು. "ನನಗ ಬಲಗೈ ಅಷ್ಟ ನಡೀತೈತಿ."

ಮುದುಕರು ತಿರುಪು ಬಿಚ್ಚಿ ಹಿಡಿಯನ್ನು ಎಳೆದು ಇನ್ನೊಂದು ಕಡೆಯಿಂದ ತೂರಿಸಿದರು. "ತಗೋರಿ, ಈಗ ನಿಮ್ಮ ಕಡೆ ಬಂತು."

ಅವರು ರೀಲು ಕಟ್ಟಿಕೊಟ್ಟ ಕೋಲನ್ನು ಅಪ್ಪ ಎಡ ಕಂಕುಳಲ್ಲಿ ಒತ್ತಿಕೊಂಡು ಬಲಗೈಯಿಂದ ತಿರುವಿದರು. ಮುದುಕರು ದಾರದ ತುದಿಯನ್ನು ನನ್ನ ಕೈಗೆ ಕೊಟ್ಟು, ಗಲ್ಲಿಯ ಆಚೆ ನಿಂತು ಜೋರಾಗಿ ಜಗ್ಗಲು ಹೇಳಿದರು. ಜಗ್ಗಿದೆ. ಕೂದಲೆಳೆಯಂಥ ದಾರ ಹರಿಯಲಿಲ್ಲ. ಕಟಕಟ ಸದ್ದು ಮಾಡುತ್ತಾ ರೀಲು ಸ್ವಲ್ಪ ಸ್ವಲ್ಪವೇ ದಾರ ಬಿಟ್ಟಿತು. ಬಿಟ್ಟರೂ ನನ್ನನ್ನು ಹಿಡಿದೇ ಇತ್ತು.

"ಝಟಕಾ ಬರಬಾರದ್ರೀ," ಅಂಗಡಿಯೊಳಗಿಂದ ಅವರು ಕೂಗಿದರು. "ಕೊಡಕೋತ ಹಿಡೀಬೇಕು. ಖೊಟ್ಟಿ ರೀಲಿನ ಸುಳ್ಳು ಇಲ್ಲಿ ನಡೆಯಂಗಿಲ್ಲ."

ದಿನವಿಡೀ ಸೂಕ್ಷ್ಮ ಯಂತ್ರಗಳ ನಡುವೆ ಕೆಲಸ ಮಾಡುವ ನಾನು ಕೈಗಾಡಿಗಳ ಮಧ್ಯೆ ಬೆರಗಾಗಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಗಾಡಿಯವನು ತೆಲುಗಿನಲ್ಲಿ ಬೈದ ಮೇಲೆಯೇ ಪಕ್ಕಕ್ಕೆ ಸರಿದದ್ದು.

ಮುಂದಿನ ವಾರ ಬೆಳಗಿನ ಬಸ್ಸಿಗೆ ಸಿಂಗೂರಿನ ಹಿನ್ನೀರಿಗೆ ಹೋದೆವು. ಶೇಂಗಾ ಹಿಂಡಿಯ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚಿದ್ದು ನಾನು, ಎಸೆದದ್ದು ಅಪ್ಪ. ಮೊದಲೆರಡು ಸಲ ಕಾಲ ಬುಡದಲ್ಲೇ ಬಿತ್ತು. ಮೂರನೆಯದು ದೂರ ಹೋಯಿತು. ಬಿಸಿಲೇರುವವರೆಗೆ ಏನೂ ಆಗಲಿಲ್ಲ. ಆಮೇಲೆ ನೀರ ಮೇಲೆ ತೇಲುತ್ತಿದ್ದ ಬೆಂಡು ಒಮ್ಮೆಗೇ ಮಾಯವಾಯಿತು, ಕೋಲು ಬಾಗಿತು, ರೀಲು ಕಿರುಚತೊಡಗಿತು.

"ಹಿಡೀಲೇನಪ್ಪಾ?"

"ಮುಟ್ಟಬ್ಯಾಡ! ಅದು ಹೊಂಟೈತಿ. ಹೋಗಲಿ."

ನೀರನ್ನು ಸೀಳುತ್ತಾ ದಾರ ಓಡಿತು. ಅಪ್ಪ ಅವಸರ ಮಾಡಲಿಲ್ಲ. ಅದು ಓಡಿದಾಗ ಸುಮ್ಮನಿದ್ದರು, ನಿಂತಾಗ ಸುತ್ತಿದರು. ಕೋಲನ್ನು ಎಡ ಕಂಕುಳಲ್ಲಿ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡರು. ಎಷ್ಟು ಹೊತ್ತಾಯಿತೋ, ಕೊನೆಗೆ ದಂಡೆಯ ತೆಳುನೀರಿನಲ್ಲಿ ಅದು ಮಗ್ಗುಲಾಯಿತು. ಕಾಟ್ಲಾ. ದೊಡ್ಡ ತಲೆ, ಮೈಮೇಲೆ ಹೆಬ್ಬೆರಳಗಲದ ಹುರುಪೆಗಳು, ಒಂದೊಂದರಲ್ಲೂ ಬೆಳಕು. ಅಂಥ ಜೀವವೊಂದು ಆ ಕಲಕು ನೀರಿನ ಕೆಳಗೆ ಇಷ್ಟು ದಿನ ಸುಮ್ಮನೆ ಓಡಾಡಿಕೊಂಡಿತ್ತಲ್ಲ! ನಾನು ಮೊಣಕಾಲುದ್ದ ನೀರಿಗಿಳಿದು ಅದನ್ನು ತಬ್ಬಿಕೊಂಡೆ. ಅಪ್ಪ ಪಕ್ಕದಲ್ಲೇ ಕುಕ್ಕರಿಸಿದರು.

"ಭಾಳ ದೊಡ್ಡದೈತಿ," ಅಂದರು. ಬಲಗೈಯಿಂದ ಅದರ ಮೈ ಸವರಿ ಮತ್ತೆ, "ಭಾಳ ದೊಡ್ಡದು."

ಮತ್ತೆ ನೀರಿಗೆ ಬಿಟ್ಟೆವು ಎಂದು ಬರೆದರೆ ಓದಲು ಚಂದ. ಆದರೆ ನಾವು ಅದನ್ನು ಒದ್ದೆ ಪಂಚೆಯಲ್ಲಿ ಸುತ್ತಿ ಬಸ್ಸು ಹತ್ತಿದೆವು. ಪಟಾನ್‌ಚೆರುವಿನಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ನುಗ್ಗಿದರು. ಅಪ್ಪನ ಮಡಿಲಲ್ಲಿದ್ದ ಮೀನಿನ ಬಾಲ ಕಂಡು ಒಬ್ಬರು ಪಂಚೆ ಸರಿಸಿ ನೋಡಿದರು. ಹಿಂದಿನ ಸೀಟಿನವರು ಎದ್ದು ನಿಂತರು. "ಎಲ್ಲಿ ಸಿಕ್ಕಿತು? ಯಾರು ಹಿಡಿದರು?" ಎಂದು ತೆಲುಗಿನಲ್ಲಿ ಒಬ್ಬೊಬ್ಬರಾಗಿ ಕೇಳತೊಡಗಿದರು.

"ನೇನೇ," ನಾನೇ ಎಂದು ತೆಲುಗಿನಲ್ಲೇ ಅಂದರು ಅಪ್ಪ, ಬಲಗೈ ಎತ್ತಿ.