ನ್ಯೆಪಿ ದಿನದ ಭೂತದಾಟ

ನ್ಯೆಪಿಯ ದಿನ ಬಾಲಿಯಲ್ಲಿ ನಾಯಿ ಕೂಡ ಯೋಚಿಸಿ ಬೊಗಳುತ್ತದೆ. ಒಂದು ಬೆಳಗಿನಿಂದ ಮರುದಿನದ ಬೆಳಗಿನವರೆಗೆ ಒಲೆ ಹಚ್ಚುವಂತಿಲ್ಲ, ದೀಪ ಹಾಕುವಂತಿಲ್ಲ, ಬೀದಿಗೆ ಇಳಿಯುವಂತಿಲ್ಲ, ದನಿ ಏರಿಸುವಂತಿಲ್ಲ. ಹಿಂದಿನ ಸಂಜೆ ತಪ್ಪಲೆ, ಡಬ್ಬ ಬಡಿದು ಎಬ್ಬಿಸಿದ ಭೂತಗಳು ಬಂದು ನೋಡಿ, ಇಲ್ಲಿ ನರಪಿಳ್ಳೆಯೂ ಇಲ್ಲವೆಂದು ಮೋಸಹೋಗಿ ಹೊರಟುಬಿಡಬೇಕು. ದೊಡ್ಡವರಿಗೇನು, ಮಲಗಿಬಿಡುತ್ತಾರೆ. ಹಿಂದಿನ ರಾತ್ರಿ ಬೀದಿಯಲ್ಲಿ ಮೆರೆಸಿದ ಭೂತದ ದೊಡ್ಡ ಬೊಂಬೆಯ ಮುಂದೆ ಕುಣಿದು ಇನ್ನೂ ಮೈಯ ಕಾವು ಇಳಿಯದ ಏಳು ವರ್ಷದ ಹುಡುಗನಿಗೆ ‘ಕೂತ್ಕೋ’ ಅಂದರೆ ಅವನು ಎಲ್ಲಿ ಕೂರುತ್ತಾನೆ?

ದಾದೊಂಗ್ ಲಂದ್ರಿಯ ಮನೆಯಲ್ಲಿ ಅಂಥವರು ಒಂಬತ್ತು ಮಂದಿ. ದಾದೊಂಗ್ ಎಂದರೆ ಅಜ್ಜಿ. ಆದರೆ ಆ ಒಂಬತ್ತರಲ್ಲಿ ಒಂದೂ ಅವಳ ಸ್ವಂತ ಮೊಮ್ಮಗುವಲ್ಲ. ಅವರ ತಾಯಂದಿರು ಕಡಲ ದಂಡೆಯ ದೊಡ್ಡ ಹೋಟೆಲಿನಲ್ಲಿ ಹಾಸಿಗೆ ಬದಲಿಸುವವರು, ಪಾತ್ರೆ ತೊಳೆಯುವವರು. ಅಪ್ಪಂದಿರಲ್ಲಿ ಕೆಲವರು ದೂರದೇಶದ ಹಡಗಿನಲ್ಲಿ, ಉಳಿದವರು ಅದೇ ಹೋಟೆಲಿನ ತೋಟದಲ್ಲಿ. ಇಡೀ ದ್ವೀಪ ಉಸಿರು ಬಿಗಿಹಿಡಿದು ಕೂತ ದಿನವೂ ಪ್ರವಾಸಿಗೆ ಬಿಸಿ ಕಾಫಿ ಬೇಕು, ಮಡಿಸಿದ ಟವೆಲ್ ಬೇಕು. ಹಾಗಾಗಿ ಹೋಟೆಲಿನವರು ಹಿಂದಿನ ದಿನವೇ ಕೆಲಸದವರನ್ನು ಒಳಗೆ ಹಾಕಿಕೊಂಡು ಗೇಟು ಮುಚ್ಚುತ್ತಾರೆ. ಈ ವ್ಯಾಪಾರಕ್ಕೆ ಅವರು ಕೊಟ್ಟ ಹೆಸರು ‘ಮೌನದ ಅನುಭವ’. ಮಕ್ಕಳ ಗತಿಯೇನು ಎಂದು ಕೇಳಿದವಳಿಗೆ ಮರುದಿನದಿಂದ ಕೆಲಸವಿಲ್ಲ.

ಲಂದ್ರಿಯೂ ಸೊಂಟ ಬೀಳುವವರೆಗೆ ಅಲ್ಲೇ ನೆಲ ಒರೆಸಿದವಳು. ಅವಳ ಮಗಳು ಬಾಲ್ಯದ ನ್ಯೆಪಿಗಳನ್ನೆಲ್ಲ ಕಂಡವರ ಮನೆಯ ಮೂಲೆಯಲ್ಲಿ, ಹೊರೆಯಾಗಿ ಕಳೆದಳು. ಈಗ ಎಳೆಯ ತೆಂಗಿನ ಗರಿ ಹೆಣೆದು ಪೂಜೆಯ ಬುಟ್ಟಿ ಮಾರಿ ಬದುಕುವ ಲಂದ್ರಿ, ಈ ಹಬ್ಬ ಬಂದರೆ ಯಾರೂ ಕೇಳುವ ಮೊದಲೇ ಬಾಗಿಲು ತೆರೆದಿಡುತ್ತಾಳೆ.

ಹೋದ ವರ್ಷ ಮಾತ್ರ ಎಡವಟ್ಟಾಯಿತು. ಹೋಟೆಲಿನ ಮ್ಯಾನೇಜರು ದೊಡ್ಡ ಮನಸ್ಸು ಮಾಡಿ ಒಂದು ಟ್ಯಾಬ್ ಕಳಿಸಿದ್ದ: ಮಕ್ಕಳು ಕಾರ್ಟೂನು ನೋಡಿಕೊಂಡಿರಲಿ ಎಂದು. ನ್ಯೆಪಿಯ ಬೆಳಗ್ಗೆ ದ್ವೀಪಕ್ಕೆ ದ್ವೀಪವೇ ಇಂಟರ್ನೆಟ್ ಬಂದ್ ಆಗುತ್ತದೆಂಬುದು ಅವನಿಗೆ ಹೊಳೆಯಲಿಲ್ಲ; ತಾಯಂದಿರಿಗೂ, ಲಂದ್ರಿಗೂ ಹೊಳೆಯಲಿಲ್ಲ. ಚಿತ್ರ ಸುತ್ತಿತು, ಸುತ್ತಿತು, ನಿಂತಿತು. ಆಮೇಲೆ ಕಿತ್ತಾಟ, ಅಳು. ಅರ್ತಾ ಎಂಬ ಹುಡುಗ ಅಮ್ಮನನ್ನು ಹುಡುಕಿಕೊಂಡು ಬೀದಿಗೇ ಓಡಿದ. ಆ ದಿನ ಬೀದಿಯಲ್ಲಿ ತಿರುಗಲು ಅಪ್ಪಣೆಯಿರುವುದು ಕೇರಿಯ ಕಾವಲಿನವರಿಗೆ ಮಾತ್ರ; ಅವರಲ್ಲೊಬ್ಬ ಪಾನ್ ಸುಕ್ರಾ, ಕೈಕಾಲು ಬಡಿಯುತ್ತಿದ್ದವನನ್ನು ಹೊತ್ತು ತಂದ. ಕೇರಿಯ ಸಭೆ ತೀರ್ಮಾನಿಸಿತು: ಇನ್ನೊಮ್ಮೆ ಹೀಗಾದರೆ ಇಲ್ಲಿ ಮಕ್ಕಳನ್ನು ಬಿಡಕೂಡದು, ತಾಯಂದಿರು ಮನೆಯಲ್ಲಿರಲಿ. ಮನೆಯಲ್ಲಿರುವುದೆಂದರೆ ಕೆಲಸ ಕಳೆದುಕೊಳ್ಳುವುದು. ತೀರ್ಮಾನಿಸಿದ ಗಂಡಸರಿಗೆ ಅದು ಗೊತ್ತಿತ್ತು.

ಈ ಸಲ ಹಬ್ಬದ ಹಿಂದಿನ ದಿನ ಸುಕ್ರಾ ಕಾವಲಿನವರ ಕಪ್ಪುಬಿಳುಪು ಚೌಕಳಿ ಪಂಚೆ ಉಟ್ಟುಕೊಂಡು ಬಂದು ನಿಂತ.

“ದಾದೊಂಗ್, ಹಗ್ಗಗಿಗ್ಗ ತಂದಿಟ್ಕೊಂಡಿದೀರಾ, ಇವರನ್ನ ಕಟ್ಟಿಹಾಕೋಕೆ?”

“ನಿನ್ನ ಮೀಸೆ ಕಟ್ಟೋಕೆ ಬೇಕಾದ್ರೆ ಒಂದು ತುಂಡು ಕೊಡ್ತೀನಿ, ತಗೋ.”

“ತಮಾಷೆ ಅಲ್ಲ. ನಾಳೆ ಏನಾದ್ರೂ ಸದ್ದು ಬಂತೋ, ಸಭೇಲಿ ನಾನು ಬಾಯಿ ಮುಚ್ಕೊಂಡು ಕೂರಲ್ಲ.”

“ಯಾವತ್ತು ಮುಚ್ಕೊಂಡು ಕೂತಿದ್ದೆ, ಅದನ್ನ ಹೇಳು.”

ಮಾತಿನಲ್ಲಿ ಗೆದ್ದಳು, ಆಮೇಲೆ ಒಂಬತ್ತು ಮಕ್ಕಳನ್ನು ಎಲ್ಲಿ ಕೂರಿಸುವುದೆಂದು ಮನೆಯೆಲ್ಲ ಸುತ್ತಿದಳು. ಮಳೆಗೆ ಬೀದಿಗೋಡೆ ಕುಸಿದಿದ್ದರಿಂದ ಅಂಗಳಕ್ಕೂ ಬಿಡುವಂತಿರಲಿಲ್ಲ. ಬುಟ್ಟಿ ಹೆಣೆಯುವ ಉದ್ದದ ಕೋಣೆಯೊಂದೇ ಗತಿ.

ಬೆಳಗ್ಗೆ ಒಬ್ಬೊಬ್ಬರ ಕೈಗೆ ಒಂದೊಂದು ಗರಿ ಕೊಟ್ಟು ಕೂರಿಸಿದಳು. ಸ್ವಲ್ಪ ಹೊತ್ತಿಗೆ ಗರಿ ಕತ್ತಿಯಾಯಿತು. ಗೆಂದಿಸ್ ಎಂಬ ಹುಡುಗಿ ಅರ್ತಾನ ಪಕ್ಕೆಗೆ ಚುಚ್ಚಿದಳು, ಅವನು ಅವಳ ಜಡೆ ಹಿಡಿದ. ಅವಳ ಬಾಯಿ ಅಗಲವಾಯಿತು. ಒಂದೇ ಒಂದು ಕಿರುಚಾಟ ಹೊರಬಿದ್ದರೆ ಒಂಬತ್ತು ಮನೆಯ ಅನ್ನ ಹೋದಂತೆಯೇ! ಲಂದ್ರಿ ಆ ಬಾಯಿಗೆ ಅಂಗೈ ಒತ್ತಿ ಸುತ್ತ ನೋಡಿದಳು. ಮೂಲೆಯಲ್ಲಿ ಬುಟ್ಟಿ ಸುತ್ತಿಕೊಡಲು ಇಟ್ಟಿದ್ದ ಒಣ ಬಾಳೆಲೆಯ ರಾಶಿ ಕಂಡಿತು. ಎದ್ದು ಅದನ್ನು ತಂದು ನೆಲದ ತುಂಬ ಚೆಲ್ಲಿದಳು.

“ಭೂತ ಬಂದಿದೆ,” ಎಂದು ಪಿಸುಗುಟ್ಟಿದಳು. “ಅದಕ್ಕೆ ಕಣ್ಣಿಲ್ಲ, ಕಿವಿ ಮಾತ್ರ. ಈ ಗೋಡೆಯಿಂದ ಆ ಗೋಡೆಗೆ ಸದ್ದಿಲ್ದೆ ಯಾರು ಹೋಗ್ತೀರಾ?”

“ಭೂತ ಎಲ್ಲಿ?” ಎಂದ ಅರ್ತಾ.

“ನೀನೇ ಕಣೋ.” ತನ್ನ ನಡುವಿಗೆ ಸುತ್ತಿದ್ದ ಪಟ್ಟಿ ಬಿಚ್ಚಿ ಅವನ ಕಣ್ಣಿಗೆ ಕಟ್ಟಿದಳು.

ಓಡುವುದು ಯಾವ ಮಹಾ ಕೆಲಸ? ಒಣ ಎಲೆಯ ಮೇಲೆ ಸದ್ದಾಗದಂತೆ ಕಾಲಿಡಲು ಹಿಮ್ಮಡಿಯಿಂದ ಹೊಟ್ಟೆಯವರೆಗೆ ಮೈಯೆಲ್ಲ ದುಡಿಯಬೇಕು. ಒಬ್ಬಳು ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ತೂಗಿದಳು. ಒಬ್ಬ ಗೋಡೆಗೆ ಹಲ್ಲಿಯಾದ. ಚರಕ್ ಎಂದರೆ ಭೂತ ಹಾರಿ ಹಿಡಿಯುತ್ತಿತ್ತು. ಸಿಕ್ಕಿದವರಿಗೆ ಶಿಕ್ಷೆ: ಹಿಂದಿನ ಸಂಜೆಯ ಭೂತದ ಬೊಂಬೆಯಂತೆ ಕಣ್ಣು ಕೆಕ್ಕರಿಸಿ, ನಾಲಿಗೆ ಚಾಚಿ, ಮೈಯೆಲ್ಲ ನಡುಗಿಸಿ ಕಿರುಚಬೇಕು, ದನಿಯೊಂದನ್ನು ಬಿಟ್ಟು. ಶಿಕ್ಷೆಯೇ ಇಷ್ಟವಾಗಿ ಕೆಲವರು ಬೇಕೆಂದೇ ಎಲೆ ತುಳಿದರು. ಹಿಂದಿನ ದಿನ ಬೇಯಿಸಿಟ್ಟ ತಣ್ಣನೆ ಅನ್ನ ಹೊತ್ತಿಗೆ ಮೊದಲೇ ಖಾಲಿ.

ಹೊರಗೆ ಸುಕ್ರಾನಿಗೆ ಅನುಮಾನ ಹುಟ್ಟಿತು. ಒಂಬತ್ತು ಮಕ್ಕಳಿರುವ ಮನೆಯಿಂದ ಸದ್ದೇ ಇಲ್ಲವೆಂದರೆ ಮಕ್ಕಳು ಒಳಗಿಲ್ಲ! ಖಂಡಿತ ಹೋಟೆಲಿನ ಕಡೆ ಓಡಿವೆ. ಕುಸಿದ ಗೋಡೆ ದಾಟಿ, ಬಾಗಿಲು ತಳ್ಳಿ ಒಳಗೆ ನುಗ್ಗಿದ.

ಚರ್ರ್!

ಅರ್ತಾ ಹಾರಿ ಅವನ ಎರಡೂ ಕಾಲು ತಬ್ಬಿಕೊಂಡ.

“ಅಯ್ಯಯ್ಯೋ!” ಎಂದು ಸುಕ್ರಾ ಅರಚಿದ್ದು ಮೂರು ಬೀದಿಗೆ ಕೇಳಿಸಿತು. ಎಲ್ಲೋ ಒಂದು ನಾಯಿ ಉತ್ತರ ಕೊಟ್ಟಿತು.

ಮಕ್ಕಳು ಮುಷ್ಟಿ ಕಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಂತೆ, ಸದ್ದಿಲ್ಲದೆ ನಕ್ಕರು. ಗೆಂದಿಸ್ ಮುಂದೆ ಬಂದು ತನ್ನ ನಾಲಿಗೆ ಚಾಚಿ ತೋರಿಸಿದಳು: ಶಿಕ್ಷೆ ಆಗಲಿ. ಸುಕ್ರಾ ಬಾಗಿಲ ಕಡೆ ತಿರುಗಿ ನೋಡಿದ, ಯಾರೂ ಇಲ್ಲ. ಮೀಸೆಯ ಕೆಳಗಿನಿಂದ ನಾಲಿಗೆ ಹೊರಬಂತು.

ಆಗಲೇ ಕಡಲ ದಂಡೆಯ ಹೋಟೆಲಿನಿಂದ ಯಾರೋ ಈಜುಕೊಳಕ್ಕೆ ಧುಮುಕಿದ ಸದ್ದು, ಹಿಂದೆಯೇ ಕೇಕೆ ಗಾಳಿಯಲ್ಲಿ ತೇಲಿಬಂತು. ಎಲ್ಲ ತಲೆಗಳೂ ಅತ್ತ ತಿರುಗಿದವು.

“ಆ ಗೇಟಿನ ಒಳಗೆ ನೀನು ಹೋಗಲ್ವಾ, ಪಾನ್ ಸುಕ್ರಾ?” ಎಂದು ಲಂದ್ರಿ ಪಿಸುಗುಟ್ಟಿದಳು.

ಸುಕ್ರಾ ತುದಿಗಾಲಲ್ಲಿ ಹೊರಗೆ ಹೋದ.

ಹಬ್ಬ ಮುಗಿದ ಮೇಲೆ ಸಭೆ ಸೇರಿತು. ಲಂದ್ರಿಯ ಮನೆಯಿಂದ ಸದ್ದು ಬಂತಂತೆ, ನಿಜವೇ ಎಂದು ಕೇರಿಯ ಹಿರಿಯ ಕೇಳಿದ. ಸುಕ್ರಾ ಎದ್ದು ನಿಂತ.

“ಬಂತು. ಅರಚಿದ್ದು ನಾನು. ಮಕ್ಕಳು ಉಸಿರು ಕೂಡ ಬಿಡಲಿಲ್ಲ.”

ಸಭೆ ಗೊಳ್ಳೆಂದಿತು. ನಗು ಇಳಿಯುವ ಮೊದಲೇ ಲಂದ್ರಿ ಎದ್ದಳು.

“ನಗ್ರಪ್ಪಾ, ನಗ್ರಿ. ಏಳು ವರ್ಷದ ಮಗು ನಿಯಮ ಪಾಲಿಸ್ತು. ದಿನವಿಡೀ ಈಜುಕೊಳದಲ್ಲಿ ಕೇಕೆ ಹಾಕಿದೋರನ್ನ ಯಾರು ಕೇಳಿದ್ರಿ? ನಮ್ಮ ಹಬ್ಬ ಮಾರ್ಕೊಂಡು, ನಮ್ಮ ಹೆಣ್ಮಕ್ಕಳನ್ನ ವರ್ಷವರ್ಷ ಕೂಡಿಹಾಕ್ತಾರೆ. ಇನ್ಮೇಲೆ ಕೂಡಿಹಾಕದ ಹಾಗೆ ಮಾಡಿ ಬನ್ನಿ, ನೋಡೋಣ ನಿಮ್ಮ ಕಾವಲು!”

ಗಂಡಸರು ಪಂಚೆಯ ಅಂಚು ನೋಡಿಕೊಂಡರು. ಮೊದಲು ಸುಕ್ರಾ ಹೋಟೆಲಿನ ಕಡೆ ಹೊರಟ. ಅವನೊಬ್ಬನೇ ಹೋದರೆ ಮರ್ಯಾದೆಯಲ್ಲವೆಂದು ಹಿರಿಯನೂ ಹೊರಟ. ಆಮೇಲೆ ಕೇರಿಯೇ ಹೊರಟಿತು. ದಂಡೆಯ ಹೋಟೆಲಿಗೆ ಹೋಗುವ ದಾರಿ ಕೇರಿಯದ್ದು, ಕೇರಿ ಮನಸ್ಸು ಮಾಡಿದರೆ ಅದನ್ನು ಮುಚ್ಚಬಹುದೆಂದು ಮ್ಯಾನೇಜರಿಗೆ ಅಂದು ನೆನಪಾಯಿತು. ಚಿಕ್ಕ ಮಕ್ಕಳಿರುವ ತಾಯಂದಿರನ್ನು ನ್ಯೆಪಿಗೆ ಮನೆಗೆ ಬಿಡುತ್ತೇವೆ, ಅದಕ್ಕಾಗಿ ಯಾರ ಕೆಲಸವನ್ನೂ ತೆಗೆಯುವುದಿಲ್ಲ ಎಂದು ಎಲ್ಲರೆದುರು ಒಪ್ಪಿಕೊಂಡ.

ಮುಂದಿನ ನ್ಯೆಪಿಗೆ ಒಂಬತ್ತು ಮಕ್ಕಳೂ ಹಟ ಹಿಡಿದು, ಬೆಳಕು ಹರಿಯುವ ಮುಂಚೆಯೇ ಅಮ್ಮಂದಿರನ್ನು ಎಳೆದುಕೊಂಡು ಲಂದ್ರಿಯ ಕೋಣೆಗೆ ಬಂದರು. ಅರ್ತಾನ ತಾಯಿ ಮೊದಲ ಸುತ್ತಿನಲ್ಲೇ ಸಿಕ್ಕಿಬಿದ್ದಳು.