ಡಾಕ್ಟ್ರ ಹತ್ರ ಬದ್ಲಿ ಹೋಗಿದ್ದು

"ನಿಮ್ಮ ಯಜಮಾನ್ರ ಬಲಗೈ ಮೇಲೆ ಸುಟ್ಟ ಕಲೆ ಇತ್ತೇನಮ್ಮ?"

ಸೊಸೈಟಿ ಸೆಕ್ರೆಟರಿ ಅಕ್ಕನ್ನ ಕೇಳ್ತಿದ್ದಂಗೆ ನಾನು ಅಂಗಿ ತೋಳು ಕೆಳಕ್ಕೆ ಎಳ್ಕೊಂಡೆ.

"ಇಲ್ಲ ಸಾಮಿ" ಅಂದ್ಳು ಅಕ್ಕ. ಅವಳಿಗೆ ಸುಳ್ಳು ಬರಲ್ಲ.

ಭಾವನ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬಂದಿದ್ವಿ. ರಾಜಾಜಿನಗರದಲ್ಲಿ ಆಗ ಹೊಸದಾಗಿ ರೋಡ್ ಹಾಕ್ತಿದ್ರು. ಜಲ್ಲಿ ಲಾರಿ ಹಿಂದಕ್ಕೆ ಬಂದು ಭಾವಂಗೆ ಹೊಡೀತು. ಮಿಲ್ಲಿನ ಕೆಲಸಗಾರರೇ ಸೇರಿ ಮಾಡ್ಕೊಂಡಿದ್ದ ವಿಮೆ ಸೊಸೈಟಿ ಇತ್ತು. ತಿಂಗಳು ತಿಂಗಳು ಸಂಬಳದಲ್ಲಿ ಹಿಡ್ಕೊಳ್ಳೋರು, ಸತ್ರೆ ಮನೆಯವ್ರಿಗೆ ಸಾವಿರ ರೂಪಾಯಿ. ಅಕ್ಕಂಗೆ ಎರಡು ಮಕ್ಕಳು, ಮೂಡಲಪಾಳ್ಯದಲ್ಲಿ ಬಾಡಿಗೆ ಮನೆ. ಆ ಸಾವಿರ ಬಿಟ್ರೆ ಏನೂ ಇಲ್ಲ.

ಸೆಕ್ರೆಟರಿ ಕಾಗದಾನ ಕಮಿಟಿಯವ್ರ ಕಡೆ ತಿರುಗಿಸಿದ್ರು. "ಸೊಸೈಟಿಗೆ ಸೇರ್ಸ್ಕೊಳ್ಳೋವಾಗ ಪರೀಕ್ಷೆ ಮಾಡಿ ಡಾಕ್ಟ್ರು ಬರ್ದಿದಾರೆ ನೋಡಿ. ಗುರುತು, ಬಲ ಮೊಣಕೈ ಕೆಳಗೆ ಸುಟ್ಟ ಕಲೆ."

ಮಿಲ್ಲಲ್ಲಿ ಭಾವನ ಪಕ್ಕದ ಮಗ್ಗದಲ್ಲಿ ನೇಯ್ತಿದ್ದೋರು ಕಮಿಟೀಲಿದ್ರು. "ಒಂದೇ ನಲ್ಲೀಲಿ ಕೈ ತೊಳ್ದಿದೀವಿ ಸಾರ್. ಕಲೆ ಗಿಲೆ ಏನೂ ಇರ್ಲಿಲ್ಲ."

"ಹಂಗಾದ್ರೆ ಡಾಕ್ಟ್ರು ನೋಡಿದ್ದು ಯಾರನ್ನ? ಕಾಯಿಲೆ ಮುಚ್ಚಿಟ್ಟು ಇನ್ಯಾರನ್ನೋ ಕಳಿಸಿದ್ರೇನಮ್ಮ?"

ನಾನು ಬಾಯಿ ಬಿಟ್ರೆ ಸಾವಿರ ಹೋಯ್ತು, ನನ್ನ ಕೆಲಸಾನೂ ಹೋಗ್ಬೋದು. ಬಿಡದಿದ್ರೆ ಅಕ್ಕ ಕಳ್ಳಿ.

ಎದ್ದು ತೋಳು ಮಡಿಸ್ದೆ. "ನಾನೇ ಸಾರ್ ಹೋಗಿದ್ದು."

ಮಿಲ್ಲಲ್ಲಿ ನಾನು ಬದ್ಲಿ. ಯಾರಾದ್ರೂ ರಜ ಹಾಕಿದ್ರೆ ಅವರ ಮಗ್ಗಕ್ಕೆ ನಿಲ್ಲೋದು. ಡಾಕ್ಟ್ರು ಬಂದ ದಿನ ಭಾವಂಗೆ ಶಿಫ್ಟು. ಅವರ ನಂಬರ್ ಬಿಲ್ಲೆ ನನ್ನ ಕೈಗಿಟ್ಟು, "ಹೋಗ್ ಬಾರೋ, ಎದೆ ಗಿದೆ ನೋಡ್ತಾರೆ ಅಷ್ಟೇ" ಅಂದ್ರು. ಹೋದೆ. ಹೆಸರು ಕೇಳಿದ್ರು, ಭಾವನ ಹೆಸರು ಹೇಳ್ದೆ. ಕಲೆ ನೋಡಿ ಡಾಕ್ಟ್ರು ಏನೋ ಬರ್ಕೊಂಡ್ರು. ಮಗ್ಗಕ್ಕೆ ಬದ್ಲಿ ನಡೆಯೋವಾಗ ಡಾಕ್ಟ್ರಿಗೂ ನಡೆಯುತ್ತೆ ಅನ್ಕೊಂಡಿದ್ವಿ. ಭಾವಂಗೆ ಕಾಯಿಲೆ ಇರ್ಲಿಲ್ಲ, ಎತ್ತಿನಂಗಿದ್ರು.

ಎಲ್ಲಾನೂ ಹಂಗೇ ಹೇಳ್ದೆ.

"ಸದ್ಯ, ಸಾಯೋಕೂ ಬದ್ಲಿ ಕಳಿಸ್ಲಿಲ್ವಲ್ಲಪ್ಪಾ" ಅಂದ್ರು ಹಿಂದ್ಗಡೆ ಒಬ್ರು. ಯಾರೂ ನಗ್ಲಿಲ್ಲ.

ಪಕ್ಕದ ಮಗ್ಗದೋರು ಜಗಳಕ್ಕೇ ನಿಂತ್ರು. "ಲಾರಿ ಏನು ಎದೆ ಪರೀಕ್ಷೆ ಮಾಡಿ ಹೊಡೀತಾ ಸಾರ್?"

"ಇವತ್ತು ಇವ್ರಿಗೆ ಬಿಟ್ರೆ ನಾಳೆ ಟಿ.ಬಿ. ಇರೋನು ತಮ್ಮನ್ನ ಕಳಿಸ್ತಾನೆ. ದುಡ್ಡು ಎಲ್ಲರ್ದು ಕಣ್ರೀ" ಅಂದ್ರು ಸೆಕ್ರೆಟರಿ.

"ಕೊಡೋಣ ಅನ್ನೋರು ಕೈ ಎತ್ತಿ" ಅಂದ್ರು. ಒಂದೇ ಕೈ ಮೇಲೆದ್ದಿದ್ದು. ಭಾವ ಕಟ್ಟಿದ್ದಷ್ಟನ್ನ ವಾಪಸ್ ಕೊಟ್ರು. ನಲವತ್ತು ರೂಪಾಯಿ ಚಿಲ್ಲರೆ.

ಮಾಗಡಿ ರೋಡಲ್ಲಿ ನಡ್ಕೊಂಡು ಬರ್ತಾ ಅಕ್ಕ ಬೈಲಿಲ್ಲ, ಅಳ್ಲಿಲ್ಲ. ಒಂದೇ ಮಾತು ಕೇಳಿದ್ಳು. "ಅವತ್ತು ನೀನು ಮಗ್ಗಕ್ಕೆ ನಿಂತು ಅವರನ್ನೇ ಡಾಕ್ಟ್ರ ಹತ್ರ ಕಳಿಸೋಕೆ ಏನಾಗಿತ್ತೋ?"

ನಾನು ಮಗ್ಗಕ್ಕೆ ನಿಂತಿದ್ರೆ ಭಾವನ ಅರ್ಧ ದಿನದ ಕೂಲಿ ನನಗೆ ಬರ್ತಿತ್ತು. ಆ ಹನ್ನೆರಡಾಣೆ ಉಳಿಸೋಕೆ ಅಂತಾನೇ ಭಾವ ನನ್ನ ಡಾಕ್ಟ್ರ ಹತ್ರ ಕಳಿಸಿದ್ದು. ಅದನ್ನ ಅಕ್ಕಂಗೆ ಹೇಳೋಕಾಗ್ಲಿಲ್ಲ.

ಮುಗೀತು. ಇನ್ನೇನೂ ಇಲ್ಲ ಹೇಳೋಕೆ.