ಐದನೆಯ ಹೆಸರು

ಇನ್ಶಿರಾಹ್ ನನ್ನ ಕೈಯಿಂದ ರಕ್ತದ ಚೀಲವನ್ನು ಕಿತ್ತುಕೊಂಡಳು. ಕೇಳಿ ತೆಗೆದುಕೊಳ್ಳಬಹುದಿತ್ತು, ಕಿತ್ತುಕೊಂಡಳು. ಅದೂ ನರ್ಸುಗಳೆಲ್ಲ ನೋಡುತ್ತಿದ್ದಾಗ. ಹದಿನೇಳು ವರ್ಷವಾಯಿತು. ಅವಳು ಮಾಡಿದ್ದೇ ಸರಿ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೂ ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೆನಾ ಪಟ್ಟಣದ ಕಡೆಯ ಸಣ್ಣ ಆಸ್ಪತ್ರೆ ನಮ್ಮದು. ನಾನು ಸ್ಟ್ರೆಚರ್ ತಳ್ಳುವವನು. ಅವಳು ಎದುರುಗಡೆಯ ಇಸ್ತ್ರಿ ಅಂಗಡಿಯಲ್ಲಿದ್ದ, ಎಲ್ಲರೂ ಚಿಕ್ಕಪ್ಪ ಎನ್ನುತ್ತಿದ್ದ ಶಹಾತರ ಮಗಳು. ಡಿಪ್ಲೊಮಾ ಮುಗಿಸಿ ಬಂದು ನಮ್ಮ ಒಂದೇ ಕಂಪ್ಯೂಟರ್ ಕೋಣೆಯಲ್ಲಿ ಕುಳಿತಿದ್ದಳು. ಎಲ್ಲರ ಬಾಯಲ್ಲೂ ಇಂಜಿನಿಯರಮ್ಮ. ಯಾರ ಹೆಸರು ಕೇಳಿದರೂ "ಆಮೇಲೆ? ಆಮೇಲೆ?" ಎನ್ನುತ್ತ ಅಜ್ಜ ಮುತ್ತಜ್ಜರ ತನಕ ಹೋಗುತ್ತಿದ್ದಳು.

"ಹಳೇ ಪ್ರೋಗ್ರಾಮು ನಾಲ್ಕೇ ಹೆಸರು ಹಿಡಿಯುತ್ತೆ ಹಮ್ದಾನಣ್ಣ. ತನ್ನದು, ಅಪ್ಪಂದು, ಅಜ್ಜಂದು, ಮುತ್ತಜ್ಜಂದು. ಐದನೇದು ಕೊಟ್ರೆ ಚೆಲ್ಲಿಬಿಡುತ್ತೆ. ನಾನು ಬರೀತಿರೋ ಹೊಸ ಪ್ರೋಗ್ರಾಮಿನ ಫಂಕ್ಷನ್ನು ಮೂರು ಕೊಟ್ರೂ ತಗೊಳ್ಳುತ್ತೆ, ಏಳು ಕೊಟ್ರೂ ತಗೊಳ್ಳುತ್ತೆ. ಕೊನೇಲಿ ಮುಗೀತು ಅಂತ ಒಂದು ಗುರುತು ಇಟ್ರೆ ಸಾಕು."

"ಇಡದಿದ್ರೆ?"

"ನಿಲ್ಲೋದೇ ಇಲ್ಲ. ಮೊನ್ನೆ ಮರೆತಿದ್ದೆ. ಒಬ್ಬ ಮುದುಕನ ಹೆಸರಿಗೆ ಪಕ್ಕದ ಮಂಚದವರ ಅಪ್ಪನೂ ಬಂದು ಸೇರ್ಕೊಂಡ."

"ಈ ವಯಸ್ಸಲ್ಲಿ ಎರಡನೇ ಅಪ್ಪ ಸಿಕ್ಕಿದನಾ! ಅದೃಷ್ಟ ಬಿಡಮ್ಮ."

ಅವಳು ನಕ್ಕಳು. ಆದರೆ ದೊಡ್ಡ ಡಾಕ್ಟರು ಒಪ್ಪಲಿಲ್ಲ. ಫಾರಮ್ಮಿನಲ್ಲಿ ಇರುವುದು ನಾಲ್ಕು ಖಾನೆ, ಮನುಷ್ಯನಿಗೆ ನಾಲ್ಕು ಹೆಸರು ಧಾರಾಳ ಎಂದರು. ಅವಳು ಬಿಡಲಿಲ್ಲ. ಹಳೆಯ ದಪ್ಪ ರಿಜಿಸ್ಟರುಗಳನ್ನು ತಂದಿಟ್ಟುಕೊಂಡು, ಪೂರ್ತಿ ಹೆಸರುಗಳನ್ನು ಒಂದೊಂದಾಗಿ ತನ್ನ ಹೊಸದಕ್ಕೆ ತುಂಬುತ್ತಲೇ ಇದ್ದಳು.

ಆ ಮಧ್ಯಾಹ್ನ ನಮ್ಮಣ್ಣನ ತೊಡೆಯ ಮೇಲೆ ಗದ್ದೆಯಿಂದ ಕಬ್ಬು ಸಾಗಿಸುವ ಪುಟ್ಟ ರೈಲಿನ ಗಾಡಿ ಹರಿಯಿತು. ತಂದಾಗ ಪ್ರಜ್ಞೆ ಇರಲಿಲ್ಲ. ಹೊದಿಸಿದ ಕಂಬಳಿಯೆಲ್ಲ ಒದ್ದೆ. ಕೌಂಟರಿನವನು ಹಳೇ ಪ್ರೋಗ್ರಾಮಿನಲ್ಲಿ ಹೆಸರು ಹೊಡೆದ: ಖಲಾಫ್ ಬಖೀತ್ ಖಲಾಫ್ ಬಖೀತ್. ಮೊದಲ ಮಗನಿಗೆ ಅಜ್ಜನ ಹೆಸರಿಡುವ ಮನೆ, ಮುತ್ತಜ್ಜನಿಂದ ಈಚೆಗೆ ಎರಡೇ ಹೆಸರು ತಿರುಗುತ್ತಿರುತ್ತವೆ. ಹಳೆಯ ಕಾರ್ಡು ಸಿಕ್ಕಿತು, ರಕ್ತದ ಗುಂಪು ಬಿ ಎಂದಿತ್ತು. ಲ್ಯಾಬಿನವರು ಊಟಕ್ಕೆ ಹೋಗಿದ್ದರು, ಮತ್ತೆ ಪರೀಕ್ಷೆಗೆ ಹೊತ್ತಿಲ್ಲ ಎಂದು ಚೀಲ ಕೊಟ್ಟರು. ನಾನು ಓಡಿದೆ.

ರಕ್ತದ ಚೀಟಿ ಅಚ್ಚಾಗುತ್ತಿದ್ದದ್ದು ಇನ್ಶಿರಾಹಳ ಕೋಣೆಯಲ್ಲಿ. ಅದರಲ್ಲಿ ವಯಸ್ಸು ಅರವತ್ತು ಎಂದಿತ್ತು. ನಮ್ಮಣ್ಣನಿಗೆ ನಲವತ್ತೆರಡು. ಅವಳು ಬರಿಗಾಲಲ್ಲಿ ಓಡಿಬಂದು ಚೀಲ ಕಿತ್ತುಕೊಂಡದ್ದು ಆಗ.

"ಹಳೇ ರಿಜಿಸ್ಟರಿನಲ್ಲಿ ಇದೇ ನಾಲ್ಕು ಹೆಸರಿನವರು ಇಬ್ಬರಿದಾರೆ! ಐದನೇದು ಹೇಳಿ. ಬೇಗ!"

"ಬಿಡೇ! ಅಣ್ಣ ಸಾಯ್ತಿದಾನೆ!"

"ನಿಮ್ಮ ಮುತ್ತಜ್ಜ ಬಖೀತರ ಅಪ್ಪ ಯಾರು, ಹಮ್ದಾನಣ್ಣ?"

ನನಗೆ ಗೊತ್ತಿರಲಿಲ್ಲ. ನಮ್ಮ ಕಡೆ ಅದಕ್ಕಿಂತ ದೊಡ್ಡ ನಾಚಿಕೆ ಇಲ್ಲ. ಗೊತ್ತಿದ್ದವನು ಒಳಗೆ ಬಿಳಿಚಿಕೊಂಡು ಮಲಗಿದ್ದ. ಬಾಯಿ ತಪ್ಪಿತು.

"ನಿನ್ನಪ್ಪ ಯಾರು ಅಂತ ಮೊದಲು ನಿಮ್ಮಮ್ಮನ್ನ ಕೇಳಿಕೊಂಡು ಬಾ!"

ಡಾಕ್ಟರುಗಳ ಇಸ್ತ್ರಿ ಬಟ್ಟೆ ಕೊಡಲು ಬಂದಿದ್ದ ಶಹಾತ ಚಿಕ್ಕಪ್ಪ ಪಡಸಾಲೆಯ ಬಾಗಿಲಲ್ಲೇ ನಿಂತಿದ್ದರು. ನನ್ನ ಕಡೆಗೊಮ್ಮೆ ನೋಡಿದರು, ಬಟ್ಟೆಯ ಗಂಟನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಇನ್ಶಿರಾಹ್ ಮಾತ್ರ ಕದಲಲಿಲ್ಲ.

"ಬೈಯೋದು ಆಮೇಲೆ ಬೈಯಿರಿ. ಹೆಸರು ಗೊತ್ತಿರೋರು ಯಾರಿದಾರೆ?"

ಸೋದರತ್ತೆ ತಫೀದಾ ಇದ್ದಳು. ಊರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿದೆವು. ಅಂಗಡಿಯವನು ವಿಷಯ ಕೇಳಿಕೊಂಡು ಅವಳನ್ನು ಕರೆತರಲು ಹೋದ. ಎಷ್ಟು ಹೊತ್ತೋ ದೇವರಿಗೇ ಗೊತ್ತು. ಫೋನಿನಲ್ಲಿ ಕೋಳಿ ಕೂಗುವುದು, ಯಾರೋ ಸಾಬೂನು ಕೇಳುವುದು, ಎಲ್ಲ ಕೇಳಿಸುತ್ತಿತ್ತು. ಒಳಗಿನಿಂದ ನರ್ಸು ಎರಡು ಸಲ ಬಂದು "ಎಲ್ಲಿ ರಕ್ತ?" ಎಂದಳು.

"ಯಾರೋ ಅದು? ಹಮ್ದಾನನಾ? ಮುತ್ತಜ್ಜನ ಅಪ್ಪ ಸುಲೈಮಾನ್ ಕಣೋ ಕತ್ತೆ! ನೀನು ಹೆಸರು ಮರೆತದ್ದು ಕೇಳಿದ್ರೆ ಗೋರಿಯಿಂದ ಎದ್ದು ಬಂದು ಒದೀತಾನೆ!"

ಇನ್ಶಿರಾಹ್ ಐದೂ ಹೆಸರು ಹೊಡೆದು ಕೊನೆಯ ಗುರುತು ಇಟ್ಟಳು. ಎರಡು ಕಾರ್ಡು ಬೇರೆಯಾದವು. ಬಿ ಗುಂಪಿನವನು ಮೇಲಿನ ಕೇರಿಯ ಮುದುಕ. ಅಣ್ಣನದು ಓ. ಅಷ್ಟರಲ್ಲಿ ಬಂದ ಲ್ಯಾಬಿನವರು ಹನಿ ರಕ್ತ ತೆಗೆದು ನೋಡಿ ಅದೇ ಹೇಳಿದರು. ಆ ಚೀಲ ಹೋಗಿದ್ದರೆ ಅಣ್ಣ ಸಂಜೆ ಕಾಣುತ್ತಿರಲಿಲ್ಲ. ಈಗಲೂ ಕೋಲೂರಿ ನಡೆಯುತ್ತಾನೆ.

ನಮ್ಮಲ್ಲಿ ಅಂಥ ಮಾತಾಡಿದವನು ಆ ತಂದೆಯ ಬಾಗಿಲಿಗೇ ಹೋಗಿ, ನಾಲ್ಕು ಜನ ಕೇಳುವಂತೆ ತಪ್ಪಾಯಿತು ಎನ್ನಬೇಕು. ಇವತ್ತು, ನಾಳೆ ಎಂದು ತಳ್ಳಿದೆ. ಚೀಲ ಕಿತ್ತುಕೊಂಡದ್ದು ಅವಳಲ್ಲವೇ ಎಂಬ ಹಟವೂ ಇತ್ತು. ಆ ಅಂಗಡಿಯ ಮುಂದೆ ಹೋಗುವುದನ್ನೇ ಬಿಟ್ಟು, ಆಸ್ಪತ್ರೆಯ ಹಿಂಬಾಗಿಲಿನಿಂದ ಬರತೊಡಗಿದೆ. ಮೂರನೆಯ ಚಳಿಗಾಲದಲ್ಲಿ ಶಹಾತ ಚಿಕ್ಕಪ್ಪ ತೀರಿಕೊಂಡರು.

ಸೂತಕದ ನಲವತ್ತನೆಯ ದಿನ ಕಳೆದ ಮೇಲೆ ಅವಳ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು ತಪ್ಪಾಯಿತು ಎಂದು ಹೇಳಿದೆ. ಅವಳು ಕೂರಿಸಿದಳು, ಟೀ ತರಿಸಿದಳು.

"ನನ್ನ ಕಡೆಯಿಂದ ಏನೂ ಇಲ್ಲ ಹಮ್ದಾನಣ್ಣ. ಆದ್ರೆ ಆ ಮಾತು ಬಿದ್ದದ್ದು ಅಪ್ಪನ ಮೇಲೆ. ಅವರ ಪರವಾಗಿ ನಾನು ಹೇಗೆ ಮನ್ನಿಸಲಿ?"

ಟೀ ಕುಡಿದು ಎದ್ದೆ. ಆ ಋಣ ತೀರಿಸಲು ಈಗ ಯಾವ ಬಾಗಿಲೂ ಇಲ್ಲ.